ಮಕ್ಕಿಗದ್ದೆ ಹಾಗೇ ಇರಲಿ, ಮಗಳೇ

ಪ್ರೀತಿಯ ಮಗಳಿಗೆ ಅಪ್ಪಯ್ಯನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ಕೊನೆಕೊಯ್ಲು ಶುರುವಾಗಿ ಎಂಟು ದಿನವಾಯಿತು. ಅಂಗಳದ ತುಂಬ ಅಡಿಕೆ, ಮನೆಯ ತುಂಬ ಚೊಗರಿನ ವಾಸನೆ. ಇಷ್ಟು ಗಡಿಬಿಡಿಯಲ್ಲಿ ಪತ್ರವೇಕೆ, ಫೋನಿನಲ್ಲಿ ಹೇಳಬಹುದಿತ್ತಲ್ಲ ಎಂದು ನೀನು ಕೇಳುತ್ತೀಯ. ಫೋನಿನಲ್ಲಿ ನಾನು ಒಂದು ವಾಕ್ಯ ಮುಗಿಸುವಷ್ಟರಲ್ಲಿ ನೀನು ಎರಡು ಉತ್ತರ ಕೊಟ್ಟಿರುತ್ತೀಯ. ಪತ್ರದಲ್ಲಿ ಆ ತೊಂದರೆ ಇಲ್ಲ.

ನೀನು ಕಳುಹಿಸಿದ ಹಣ ಬಂದಿದೆ. ಜೆಸಿಬಿ ತರಿಸಿ ಮೇಲಿನ ಮಕ್ಕಿಗದ್ದೆಯನ್ನು, ಮಳೆನೀರನ್ನೇ ನಂಬಿದ ಆ ಭತ್ತದ ಗದ್ದೆಯನ್ನು, ಬಿಡಿಸಿ, ಸಮ ಮಾಡಿ, ಅಡಿಕೆ ಸಸಿ ಹಾಕಿಸಿ ಎಂದು ನೀನು ಹೇಳಿದ್ದೆ. ‘ಅಜ್ಜ ಕೈಯಾರೆ ಮಾಡಿದ ಗದ್ದೆ ಹೀಗೆ ಹಾಳು ಬೀಳುವುದನ್ನು ನೋಡಲು ಆಗುವುದಿಲ್ಲ’ ಎಂದೂ ಹೇಳಿದೆ. ಹಣವನ್ನು ಮುಟ್ಟಿಲ್ಲ, ಬ್ಯಾಂಕಿನಲ್ಲಿ ಹಾಗೇ ಇದೆ. ಯಾಕೆ ಎಂದು ಹೇಳಬೇಕಾದರೆ ಅಮೆರಿಕದಲ್ಲಿ ನೀನು ನಮಗೆ ತೋರಿಸಿದ, ಜನ ಎದ್ದುಹೋದ ಊರು ಡೇನಾದಿಂದ ಶುರು ಮಾಡಬೇಕು. ಆ ದಿನ ನೀನು ಕೇಳಿದ ಪ್ರಶ್ನೆಗೂ ನಾನು ಇನ್ನೂ ಉತ್ತರ ಕೊಟ್ಟಿಲ್ಲ.

ಅಕ್ಟೋಬರ್‌ನ ಆ ಭಾನುವಾರ ನೆನಪಿದೆಯಲ್ಲ? ‘ಅಪ್ಪಯ್ಯ, ಏರಿಲ್ಲ, ಇಳಿಜಾರಿಲ್ಲ, ನಿಮ್ಮ ಮಂಡಿಗೆ ಏನೂ ಆಗುವುದಿಲ್ಲ’ ಎಂದು ಪುಸಲಾಯಿಸಿ ಕರೆದುಕೊಂಡು ಹೋದೆ. ಪೀಟರ್ಸ್‌ಹ್ಯಾಮ್ ದಾಟಿ, 40ನೆಯ ಗೇಟಿನ ಹತ್ತಿರ ಕಾರು ನಿಲ್ಲಿಸಿ, ಮೊದಲು ನಮ್ಮೆಲ್ಲರ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿಸಿದೆ. ರಕ್ತ ಹೀರುವ ಉಣುಗು ಹತ್ತುತ್ತದೆ ಎಂದೆ. ನಿನ್ನ ಅಮ್ಮ ಅಲ್ಲೇ ನಿಂತುಬಿಟ್ಟಳು. ಅವಳಿಗೆ ಉಣುಗು ಎಂದರೆ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡದ್ದು 2019ರಲ್ಲಿ ಅರಳಗೋಡಿಗೂ ಬಂದು ಎಷ್ಟು ಜನರನ್ನು ತಿಂದಿತು ಎಂಬುದನ್ನು ನಾವು ಮರೆತಿಲ್ಲ. ಇಲ್ಲಿಯ ಉಣುಗು ತರುವ ಕಾಯಿಲೆ ಬೇರೆ, ಅದರ ಹೆಸರು ಲೈಮ್ ಎಂದು ಅಳಿಯಂದಿರು ಸಮಾಧಾನ ಹೇಳಿದರು. ಕಾಯಿಲೆ ಬೇರೆಯಾದರೆ ಅದೇನು ಸಮಾಧಾನವೋ. ಅಂತೂ ಅವಳು ದಾರಿಯುದ್ದಕ್ಕೂ ರಸ್ತೆಯ ನಟ್ಟನಡುವೆಯೇ ನಡೆದಳು.

ಆ ದಾರಿ ನನಗೆ ಹಿಡಿಸಿತು. ಹೋಗಲು ಮೂರು ಕಿಲೋಮೀಟರಿಗೆ ತುಸು ಕಡಿಮೆ, ಬರಲು ಅಷ್ಟೇ. ಹಿಂದೆ ವಾಹನ ಓಡಾಡುತ್ತಿದ್ದ ಟಾರು ರಸ್ತೆ. ಈಗ ಒಡೆದ ಕಡೆಯಲ್ಲೆಲ್ಲ ಪಾಚಿ, ಅದರ ಮೇಲೆ ಮೇಪಲ್ ಎಲೆ. ಇಕ್ಕೆಲದಲ್ಲೂ ಕಾಡು, ಕಾಡಿನೊಳಗೆ ಕಲ್ಲಿನ ಪಾಗಾರ. ಗಾರೆ ಇಲ್ಲ, ಬರಿಯ ಕಲ್ಲಿನ ಮೇಲೆ ಕಲ್ಲು, ಸೊಂಟದ ಎತ್ತರ. ಅದು ಮರಗಳ ನಡುವೆ ನೇರವಾಗಿ ಹೋಗಿ, ಒಂದು ಮೂಲೆಯಲ್ಲಿ ತಿರುಗಿ, ಮತ್ತೆ ಕಾಡಿನಲ್ಲೇ ಮರೆಯಾಗುತ್ತಿತ್ತು. ಪುಟ್ಟಿ ನನ್ನ ಕೈ ಜಗ್ಗಿ, ‘ಅಜ್ಜ, ಕಾಡಿಗೆ ಯಾಕೆ ಕಾಂಪೌಂಡು ಹಾಕಿದ್ದಾರೆ?’ ಎಂದು ಕೇಳಿದಳು. ಆರು ವರ್ಷದ ಹುಡುಗಿ ಕೇಳಿದ್ದಕ್ಕೆ ಎಪ್ಪತ್ತರ ನನ್ನಲ್ಲಿ ಉತ್ತರವಿರಲಿಲ್ಲ.

ಅಳಿಯಂದಿರು ಹೇಳಿದ ಮೇಲೆ ತಿಳಿಯಿತು. ಪಾಗಾರ ಕಟ್ಟಿದಾಗ ಅಲ್ಲಿ ಕಾಡೇ ಇರಲಿಲ್ಲವಂತೆ. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಮ್ಯಾಸಚೂಸೆಟ್ಸ್‌ನ ಹೆಚ್ಚಿನ ಭಾಗ ಬೋಳು: ಹುಲ್ಲುಗಾವಲು, ಮೆಕ್ಕೆಜೋಳದ ಹೊಲ, ಸೇಬಿನ ತೋಟ. ಹಿಮಯುಗ ಬಿಟ್ಟುಹೋದ ಕಲ್ಲು ನೆಲದೊಳಗೆ ತುಂಬಿಕೊಂಡಿದ್ದವು. ಚಳಿಗಾಲದಲ್ಲಿ ಮಣ್ಣು ಹೆಪ್ಪುಗಟ್ಟಿ ಉಬ್ಬಿದಾಗ ಅವು ಮೇಲೆ ಬರುತ್ತಿದ್ದವು. ವರ್ಷ ವರ್ಷ ಆರಿಸಿದರೂ ಮುಗಿಯದ ಆ ಕಲ್ಲನ್ನು ಹೊಲದ ಅಂಚಿಗೆ ಹೊತ್ತು ಹಾಕಿದ್ದೇ ಪಾಗಾರವಾಯಿತು. ಅಷ್ಟರಲ್ಲಿ, 1825ರಲ್ಲೇ, ಈರಿ ಕಾಲುವೆ ತೆರೆದಿತ್ತು, ಹಿಂದೆಯೇ ರೈಲು ಬಂದಿತ್ತು. ಪಶ್ಚಿಮದ ಕಲ್ಲಿಲ್ಲದ ಕಪ್ಪುಮಣ್ಣಿನ ಧಾನ್ಯ ಅಗ್ಗಕ್ಕೆ ಬಂದು ಬಿದ್ದಾಗ ಈ ಕಲ್ಲುಹೊಲದವರು ಒಬ್ಬೊಬ್ಬರಾಗಿ ಗಂಟು ಕಟ್ಟಿದರು. ಬಿಟ್ಟುಹೋದ ಹುಲ್ಲಿನ ನಡುವೆ ಮೊದಲು ಎದ್ದದ್ದು ಬಿಳಿ ಪೈನ್. ಅದರ ಬೀಜಕ್ಕೆ ರೆಕ್ಕೆ ಇದೆ, ಗಾಳಿಯಲ್ಲಿ ಬಂದು ಹುಲ್ಲಿನಲ್ಲೂ ಬೇರೂರುತ್ತದೆ. ಅದರ ನೆರಳಲ್ಲಿ ಓಕ್, ಮೇಪಲ್. ಈಗ ಆ ರಾಜ್ಯದ ಅರ್ಧಕ್ಕಿಂತ ಹೆಚ್ಚು ನೆಲ ಕಾಡು ಎಂದರು. ಯಾರೂ ನೆಟ್ಟದ್ದಲ್ಲ. ನೆಟ್ಟ ಕಾಡಾಗಿದ್ದರೆ ನಮ್ಮ ಅಕೇಶಿಯಾದ ಹಾಗೆ ಸಾಲಾಗಿ ನಿಂತಿರುತ್ತಿತ್ತು.

ಡೇನಾದ ಕಥೆ ಇಷ್ಟಕ್ಕೇ ಮುಗಿಯುವುದಲ್ಲ ಎಂಬುದು ಆ ಊರಿನ ನಡುಬಯಲಿಗೆ ಹೋದಾಗಲೇ ನನಗೆ ಗೊತ್ತಾದದ್ದು. ಅಲ್ಲೊಂದು ಕಲ್ಲು. 1801–1938 ಎಂದು ಕೆತ್ತಿದ್ದಾರೆ. ಕೆಳಗೆ ಬರೆದದ್ದನ್ನು ನೀನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ: ತಮ್ಮ ಮನೆಗಳನ್ನೂ ಬದುಕಿನ ರೀತಿಯನ್ನೂ ತ್ಯಾಗ ಮಾಡಿದವರೆಲ್ಲರಿಗೆ. ಮನುಷ್ಯರಿಗೆ ಹಾಕಿದಂತೆ ಊರಿಗೆ ಹುಟ್ಟಿದ ವರ್ಷ, ಸತ್ತ ವರ್ಷ ಹಾಕಿದ್ದನ್ನು ನಾನು ಅಲ್ಲಿಯೇ ಮೊದಲು ನೋಡಿದ್ದು. ನೂರು ಕಿಲೋಮೀಟರು ದೂರದ ಬಾಸ್ಟನ್ನಿಗೆ ನೀರು ಬೇಕಾಯಿತು. ಅದಕ್ಕಾಗಿ ಕ್ವಾಬಿನ್ ಜಲಾಶಯ, ಅದಕ್ಕಾಗಿ ಡೇನಾ, ಎನ್‌ಫೀಲ್ಡ್, ಗ್ರೀನಿಚ್, ಪ್ರೆಸ್ಕಾಟ್ ಎಂಬ ನಾಲ್ಕು ಊರು. 1938ರ ಏಪ್ರಿಲ್ 27ರ ರಾತ್ರಿ ಎನ್‌ಫೀಲ್ಡಿನಲ್ಲಿ ವಿದಾಯದ ನೃತ್ಯಕೂಟ ನಡೆಯಿತಂತೆ. ಗಡಿಯಾರ ಹನ್ನೆರಡು ಹೊಡೆದಾಗ ನಾಲ್ಕೂ ಊರು ಕಾನೂನಿನ ಲೆಕ್ಕದಲ್ಲಿ ಇಲ್ಲವಾದವು. ಸುಮಾರು 2,500 ಜನ ಎದ್ದುಹೋದರು. ಮಣ್ಣಿನೊಳಗಿದ್ದ 7,500ಕ್ಕೂ ಹೆಚ್ಚು ಹಿರಿಯರನ್ನೂ ಅಗೆದು ತೆಗೆದು ಬೇರೆ ಕಡೆ ಮಲಗಿಸಿದರು.

ಇದನ್ನೆಲ್ಲ ನೀನು ಪ್ರವಾಸಿ ಮಾರ್ಗದರ್ಶಿಯ ಹಾಗೆ ಉತ್ಸಾಹದಿಂದ ಹೇಳುತ್ತಾ ಹೋದೆ. ನನ್ನ ಮುಖ ನೀನು ನೋಡಲಿಲ್ಲ, ಒಳ್ಳೆಯದಾಯಿತು.

ಆಮೇಲೆ ಆ ಗುಂಡಿ. ಮನೆಯ ನೆಲಮಾಳಿಗೆಯಾಗಿತ್ತು ಎಂದೆ. ನಾಲ್ಕು ಕಡೆಯೂ ಕಲ್ಲು ಕಟ್ಟಿದ, ಆಳು ಮುಳುಗುವಷ್ಟು ಆಳದ ಗುಂಡಿ. ತಳದಲ್ಲಿ ಕೊಳೆತ ಎಲೆ, ಅದರ ನಡುವಿನಿಂದ ನನ್ನ ತೊಡೆಯ ಗಾತ್ರದ ಬರ್ಚ್ ಮರ ಎದ್ದು, ಮನೆ ಇದ್ದಿದ್ದರೆ ಮಾಡಿನ ಹಂಚನ್ನೂ ದಾಟಿ ಹೋಗಿರುತ್ತಿತ್ತು. ಗುಂಡಿಯ ಮುಂದೆ ಒಂದೇ ಒಂದು ಮೆಟ್ಟಿಲ ಕಲ್ಲು. ಮಧ್ಯದಲ್ಲಿ ಸವೆದಿತ್ತು. ನಾನು ಅದರ ಮೇಲೆ ಕುಳಿತೆ. ನೀವು ಬಯಲಿನ ಇನ್ನೊಂದು ತುದಿಗೆ ಹೋಗಿ, ಕಿತ್ತಳೆ ತಿಂದು, ಪುಟ್ಟಿಯ ಜೇಬಿನ ತುಂಬ ಓಕ್ ಕಾಯಿ ಆರಿಸಿ ವಾಪಸು ಬಂದರೂ ಅಲ್ಲೇ ಕುಳಿತಿದ್ದೆ. ‘ಮಂಡಿ ನೋವಾ ಅಪ್ಪಯ್ಯ?’ ಎಂದು ನೀನು ಕೇಳಿದೆ. ನಾನು ಹೂಂ ಎಂದೆ. ಸುಳ್ಳು.

ನಮ್ಮ ಊರನ್ನು ಮುಳುಗಿಸಿದ, ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಅದಕ್ಕೆ ಎರಡು ಬೇಸಿಗೆ ಮೊದಲು ನಾವು ಲಾರಿ ಹತ್ತಿದೆವು. ನನಗೆ ಆಗ ಪುಟ್ಟಿಯ ವಯಸ್ಸು, ಒಂದು ವರ್ಷ ಹೆಚ್ಚು. ನಿನ್ನ ಅಜ್ಜ ಮನೆಯನ್ನು ಬಿಚ್ಚಿ ತಂದರು: ಹೆಬ್ಬಾಗಿಲು, ಹೊಸ್ತಿಲು, ಕಂಬ, ಪಕಾಸಿ, ಲೆಕ್ಕ ಮಾಡಿ ಹಂಚು. ಈಗ ನೀನು ಬಂದಾಗಲೆಲ್ಲ ತಲೆ ತಾಗಿಸಿಕೊಳ್ಳುವ ಬಾಗಿಲೇ ಅದು. ಅಂಗಳದ ಮೆಟ್ಟಿಲ ಕಲ್ಲು ಮಾತ್ರ ಉಳಿಯಿತು. ಲಾರಿಯಲ್ಲಿ ಜಾಗವಿರಲಿಲ್ಲ. ಅಮ್ಮಮ್ಮ ಬೆಳಿಗ್ಗೆ ಆ ಕಲ್ಲಿಗೆ ನೀರು ಹಾಕಿ ತೊಳೆದು, ರಂಗೋಲಿ ಎಳೆದು, ಲಾರಿ ಹತ್ತಿದ್ದರು. ನನಗೆ ಸ್ಪಷ್ಟವಾಗಿ ನೆನಪಿರುವುದು ಅದೊಂದೇ. ನಮಗೆ ವಿದಾಯಕೂಟ ಯಾರೂ ಮಾಡಲಿಲ್ಲ. ಅಜ್ಜ ಗದ್ದೆಯಂಚಿನ ದೇವಿ ಚೌಡಿಯ ಕಲ್ಲನ್ನು ಬುಟ್ಟಿಯಲ್ಲಿಟ್ಟು, ಮೇಲೆ ಪಂಚೆ ಹೊದಿಸಿ, ತೊಡೆಯ ಮೇಲಿಟ್ಟುಕೊಂಡು ಬಂದರು.

ಮಳೆ ಕೈಕೊಟ್ಟ ಒಂದು ವರ್ಷ ಬೇಸಿಗೆಯಲ್ಲಿ ನಾನು ಹಳೆಯ ಊರಿಗೆ ನಡೆದು ಹೋಗಿದ್ದೆ, ನಿನಗೆ ಹೇಳಿರಲಿಲ್ಲ. ಬಿರುಕು ಬಿಟ್ಟ ಕೆಸರು, ಕರ್ರಗಿನ ಮರದ ಬೊಡ್ಡೆಗಳು, ಅಷ್ಟೇ. ಮೆಟ್ಟಿಲು ಸಿಗಲಿಲ್ಲ. ಮಳೆ ಬಿದ್ದರೆ ಅದೂ ಮತ್ತೆ ನೀರಿನೊಳಗೆ. ಡೇನಾದ ಆ ನಡುಬಯಲು ಎತ್ತರದಲ್ಲಿತ್ತು, ನೀರು ಅಲ್ಲಿಯವರೆಗೆ ಬರಲೇ ಇಲ್ಲ. ಜಲಾಶಯದ ಸುತ್ತಲಿನ ನೆಲ ಶುದ್ಧವಾಗಿರಲಿ ಎಂದು ಜನರನ್ನು ಎಬ್ಬಿಸಿದರು. ಹಾಗಾಗಿ ಅವರ ಮೊಮ್ಮಕ್ಕಳಿಗೆ ಕುಳಿತುಕೊಳ್ಳಲು ಒಂದು ಮೆಟ್ಟಿಲಾದರೂ ಇದೆ, ನೆರಳಿಗೆ ಒಂದು ಮರ ಇದೆ. ನನಗೆ ಆ ಜನರ ಮೇಲೆ ಹೊಟ್ಟೆಕಿಚ್ಚಾಯಿತು ಮಗಳೇ. ನಿನ್ನ ಪ್ರಶ್ನೆಗೆ ಉತ್ತರ ಇದು.

ಇನ್ನು ಮಕ್ಕಿಗದ್ದೆಯ ವಿಷಯ.

ನಾವು ಬಂದಿಳಿದಾಗ ಅದು ಕಾಡು. ಮತ್ತಿ, ಹೊನ್ನೆ, ಹೆಸರು ಗೊತ್ತಿಲ್ಲದ ಮುಳ್ಳು. ಜೋಗದ ಕರೆಂಟು ಎಲ್ಲೆಲ್ಲಿಗೋ ಹೋಗುತ್ತಿದ್ದಾಗ ನಾವು ಚಿಮಣಿ ಬುಡ್ಡಿಯ ಬೆಳಕಿನಲ್ಲಿ ವರ್ಷಗಟ್ಟಲೆ ಕಳೆದೆವು. ಅಜ್ಜ, ಅಮ್ಮಮ್ಮ, ಇಬ್ಬರು ಚಿಕ್ಕಪ್ಪಂದಿರು ಸೇರಿ ಆ ಕಾಡು ಕಡಿದು, ಬೇರು ಕಿತ್ತು, ಏಳು ಹಂತದ ಗದ್ದೆ ಮಾಡಿದರು. ಕಷ್ಟಕ್ಕೆ ಮಾಡಿದ್ದು, ನಾನು ತಪ್ಪೆನ್ನುವುದಿಲ್ಲ. ಆದರೆ ಅಜ್ಜ ಸಾಯುವ ತನಕ ಚೌಡಿಯ ಎದುರು ನಿಂತಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದರು: ‘ಬಿಸಿಲಲ್ಲಿ ಕೂರಿಸಿಬಿಟ್ಟೆ ತಾಯಿ.’ ಹಳೆಯ ಊರಿನಲ್ಲಿ ಅವಳಿಗೊಂದು ಬನವಿತ್ತು. ಇಲ್ಲಿ ಒಂದೇ ಒಂದು ಹಲಸಿನ ಮರ.

ನಾನು ಕೊನೆಯದಾಗಿ ಭತ್ತ ಬೆಳೆದದ್ದು 2009ರಲ್ಲಿ. ಆಳು ಸಿಗಲಿಲ್ಲ, ಹಂದಿ ಬಿಡಲಿಲ್ಲ. ಆಮೇಲೆ ಪ್ರತಿ ವರ್ಷ ಆ ಕಡೆ ಹೋಗುವಾಗ ಕಳ್ಳನ ಹಾಗೆ ಹೋಗುತ್ತಿದ್ದೆ, ಅಪ್ಪ ಮಾಡಿಟ್ಟದ್ದನ್ನು ಉಳಿಸಿಕೊಳ್ಳಲಿಲ್ಲವಲ್ಲ ಎಂದು. ಅಮೆರಿಕದಿಂದ ಬಂದ ಮೂರನೆಯ ದಿನ, ನಿದ್ದೆಯ ಹೊತ್ತು ಇನ್ನೂ ಸರಿಹೋಗಿರಲಿಲ್ಲ, ನಸುಕಿನಲ್ಲೇ ಕತ್ತಿ ಹಿಡಿದು ಹೊರಟೆ. ಹದಿನಾರು ವರ್ಷದಲ್ಲಿ ಮೊದಲ ಬಾರಿಗೆ ಅದನ್ನು ಸರಿಯಾಗಿ ನೋಡಿದೆ. ಕೆಳಗಿನ ಎರಡು ಹಂತದಲ್ಲಿ ಇನ್ನೂ ಕರಡದ ಹುಲ್ಲು, ಕಮ್ಯುನಿಸ್ಟ್ ಗಿಡ ಎಂಬ ಕಳೆ. ಮೇಲೆ ಹೋದಂತೆ ಉಪ್ಪಳಿಗೆ ಹರವಾದ ಎಲೆ ಬಿಡಿಸಿ ನಿಂತಿದೆ. ಹಕ್ಕಿ ತಂದು ಹಾಕಿದ ನೇರಳೆ ಮೂರಾಳೆತ್ತರ ಬೆಳೆದಿದೆ. ಕವಳಿ ಮಟ್ಟಿ ಗದ್ದೆಯಂಚಿನುದ್ದಕ್ಕೂ ಸಾಲಾಗಿ ಬಂದಿದೆ, ಪಿಕಳಾರ ಹಕ್ಕಿಗಳು ಅಂಚಿನ ಮೇಲೆ ಕುಳಿತು ಉದುರಿಸಿದ್ದಿರಬೇಕು. ಐದನೆಯ ಹಂತದಲ್ಲಿ ಅಜ್ಜನ ಗದ್ದೆಯಂಚನ್ನು ಕಾಲಿನಿಂದ ತಡವಿ ಹುಡುಕಬೇಕಾಯಿತು. ಇದೆ, ಮರದ ಬುಡದಲ್ಲಿ ಮೆಟ್ಟಿಲ ಹಾಗೆ. ಚೌಡಿಯ ಸುತ್ತ ಎಷ್ಟು ದಟ್ಟವಾಗಿದೆ ಎಂದರೆ ಎಂಟು ಗಂಟೆಯಾದರೂ ಅವಳ ಮೇಲೆ ಬಿಸಿಲು ಬಿದ್ದಿರಲಿಲ್ಲ.

ಅಲ್ಲಿ ಜೆಸಿಬಿ ಹತ್ತಿಸಲು ನನ್ನಿಂದ ಆಗುವುದಿಲ್ಲ.

ನಿನ್ನ ಚಿಕ್ಕಪ್ಪ ಒಂದು ಮಾತು ಹೇಳುತ್ತಾನೆ, ಅದನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ. ಮರ ಬೆಳೆದರೆ ನಾಳೆ ಯಾರೋ ಬಂದು ಇದು ಕಾಡು, ನಿಮ್ಮದಲ್ಲ ಎನ್ನುತ್ತಾರೆ ಎಂದು. ಅವನ ಹೆದರಿಕೆ ಸುಳ್ಳಲ್ಲ. ಮುಳುಗಡೆಯವರಲ್ಲಿ ಎಷ್ಟೋ ಮನೆಗಳಿಗೆ ಅರವತ್ತು ವರ್ಷವಾದರೂ ಹಕ್ಕುಪತ್ರ ಕೈಗೆ ಬಂದಿಲ್ಲ. ಅಂಥವರು ಬೆಳೆ ಬರಲಿ ಬಿಡಲಿ, ಸಾಗುವಳಿ ತೋರಿಸಲೆಂದೇ ಪ್ರತಿ ವರ್ಷ ಬುಡ ಸವರಬೇಕು. ನಮ್ಮ ಏಳು ಹಂತದಲ್ಲಿ ಮೇಲಿನ ಐದಕ್ಕೆ ಕಾಗದ ಸರಿಯಾಗಿದೆ. ಕೆಳಗಿನ ಎರಡರ ಕಡತ ಇನ್ನೂ ಕಚೇರಿಯಲ್ಲಿ ತಿರುಗುತ್ತಿದೆ. ಆದ್ದರಿಂದ ಐದನ್ನು ಬಿಡುತ್ತೇನೆ, ಎರಡನ್ನು ಸವರುತ್ತೇನೆ. ಕಾಡು ಬೆಳೆಯಲು ಬಿಡುವುದಕ್ಕೂ ಪಹಣಿ ಬೇಕು, ನೋಡು.

ಬಿಡುತ್ತೇನೆ ಎಂದರೆ ಕೈಕಟ್ಟಿ ಕೂರುವುದೂ ಅಲ್ಲ. ಆಚೆ ಗುಡ್ಡದ ನೆಡುತೋಪಿನಿಂದ ಅಕೇಶಿಯಾ ಬೀಜ ಬಂದು ಮೊಳೆಯುತ್ತಿದೆ. ಮಳೆಗಾಲದಲ್ಲಿ ಮಣ್ಣು ಮೆತ್ತಗಿರುವಾಗ ಕೀಳಬೇಕು. ಬೇಸಿಗೆಯಲ್ಲಿ ಬೆಂಕಿ ಬೀಳದಂತೆ ಸುತ್ತ ಒಂದು ಮಾರು ಅಗಲ ಕೆರೆಸಬೇಕು. ಇಷ್ಟಕ್ಕೆ ನಿನ್ನ ಹಣದಲ್ಲಿ ಹತ್ತರಲ್ಲಿ ಒಂದು ಪಾಲೂ ಬೇಡ.

ಪುಟ್ಟಿಯನ್ನು ಕರೆದುಕೊಂಡು ಬಾ. ಮನೆಯಿಂದ ತೋಟದ ಸಂಕ ದಾಟಿ ಮೇಲೆ ಹೋದರೆ ಚೌಡಿಯವರೆಗೆ ಅರ್ಧ ಗಂಟೆ. ನಾನು ಕಾಲುದಾರಿ ಸವರಿ ಇಟ್ಟಿರುತ್ತೇನೆ, ಅವಳ ಕಾಲಿಗೆ ಕಷ್ಟವಿಲ್ಲ. ಯಾವಾಗ ಬರಬೇಕು ಎಂಬುದೇ ತೊಡಕು: ಬೇಸಿಗೆಯಲ್ಲಿ ಉಣುಗು, ಮಳೆಗಾಲದಲ್ಲಿ ಇಂಬಳ. ಆ ಉದ್ದದ ಕಾಲುಚೀಲ ಮರೆಯದೆ ತಾ, ಅಮ್ಮನಿಗೂ ಎರಡು ಜೊತೆ. ಶರಾವತಿ ಹಿನ್ನೀರಿನಾಚೆಯ ಸಿಗಂದೂರಿಗೆ ಈಗ ಸೇತುವೆಯಾಗಿದೆ, 2025ರ ಜುಲೈನಲ್ಲಿ ತೆರೆದದ್ದು. ಲಾಂಚಿಗೆ ಕಾಯಬೇಕಿಲ್ಲ. ನಮ್ಮ ಹಳೆಯ ಊರು ಆ ಹಿನ್ನೀರಿನಲ್ಲಿ ಯಾವ ದಿಕ್ಕಿಗಿದೆ ಎಂಬುದನ್ನು ಸೇತುವೆಯ ಮೇಲಿಂದ ಅವಳಿಗೆ ತೋರಿಸುತ್ತೇನೆ.

ಹೇಳಲು ಮರೆತೆ. ಬಂದ ಮೇಲೆ ಕೋಟು ಒಗೆಯಲು ಹಾಕುವಾಗ ಜೇಬಿನಲ್ಲಿ ಮೂರು ಓಕ್ ಕಾಯಿ ಸಿಕ್ಕವು, ಟೋಪಿಯ ಸಮೇತ. ನನಗೆ ಗೊತ್ತಾಗದಂತೆ ಅವಳೇ ಹಾಕಿದ್ದಿರಬೇಕು. ಮಕ್ಕಿಗದ್ದೆಯಲ್ಲಿ ನೆಟ್ಟಿರಾ ಎಂದು ಕೇಳಿದರೆ, ಇಲ್ಲ ಎಂದು ಹೇಳು. ಹೊರಗಿನಿಂದ ಬಂದ ಅಕೇಶಿಯಾವನ್ನು ಕೀಳುವುದರಲ್ಲೇ ಅಜ್ಜನ ಸೊಂಟ ಬೀಳುತ್ತಿದೆ. ಕಾಯಿಗಳನ್ನು ಅಮ್ಮ ದೇವರ ಗೂಡಿನಲ್ಲಿ ಇಟ್ಟಿದ್ದಾಳೆ, ಯಾಕೆ ಎಂದು ನಾನು ಕೇಳಲಿಲ್ಲ.

ಅಳಿಯಂದಿರಿಗೆ ನಮಸ್ಕಾರ ತಿಳಿಸು.

ನಿನ್ನ
ಅಪ್ಪಯ್ಯ