ಮದುವೆಮನೆಗೆ ಹೊರಡುವ ಮುನ್ನ

ಪುಟ್ಟಿ,

ಪತ್ರ ಚಿಕ್ಕದಾಯಿತೆಂದು ಮುನಿಸಿಕೊಳ್ಳಬೇಡ. ಬ್ರೈಲ್ ಸ್ಲೇಟಿನಲ್ಲಿ ಬಲದಿಂದ ಎಡಕ್ಕೆ, ಅಕ್ಷರಗಳನ್ನು ತಿರುವುಮುರುವಾಗಿ ಚುಚ್ಚುತ್ತಾ ಹೋಗುವುದರಲ್ಲಿ ನಾನಿನ್ನೂ ನಿನ್ನಷ್ಟು ಚುರುಕಲ್ಲ. ಹಾಳೆ ಮಗುಚಿದಾಗ ಚುಕ್ಕೆಗಳು ನಿನ್ನ ಬೆರಳಿಗೆ ಸರಿಯಾಗಿ ಸಿಕ್ಕರೆ ಸಾಕು.

ನನಗೇಕೆ ಕಣ್ಣೂ ಕಾಣದು, ಕಿವಿಯೂ ಕೇಳದು ಎಂದು ಕೇಳಿದ್ದೆಯಲ್ಲ. ನೀನು ಹೊಟ್ಟೆಯಲ್ಲಿದ್ದ ಮೊದಲ ತಿಂಗಳುಗಳಲ್ಲಿ ನನಗೆ ರುಬೆಲ್ಲಾ ಬಂದಿತ್ತು. ನನಗಾದದ್ದು ಸಣ್ಣ ಜ್ವರ, ಮೈಮೇಲೆ ಒಂದಿಷ್ಟು ಗುಳ್ಳೆ, ಅಷ್ಟೇ. ವೈರಾಣು ನಿನ್ನ ಕಣ್ಣಿಗೂ ಒಳಗಿವಿಗೂ ತಾಗಿತು. ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಶುರುವಾದದ್ದು 2017ರಲ್ಲಿ. ನೀನು ಅದಕ್ಕಿಂತ ಮೊದಲೇ ಹುಟ್ಟಿದ್ದೆ. ಮದುವೆಮನೆಯಲ್ಲಿ ಯಾರಾದರೂ ಗ್ರಹಣದ ಮಾತೆತ್ತಿದರೆ ಅವರಿಗೆ ಉತ್ತರ ಕೊಡುವುದು ನನ್ನ ಕೆಲಸ, ನಿನ್ನದಲ್ಲ.

ಕಿವಿ ಕೇಳದ ಮಗು ಕಣ್ಣಿನಿಂದ ಸನ್ನೆ ಕಲಿಯುತ್ತದೆ, ಕಣ್ಣು ಕಾಣದ ಮಗು ಕಿವಿಯಿಂದ ಮಾತು ಕಲಿಯುತ್ತದೆ. ನಿನಗೆ ಎರಡು ದಾರಿಯೂ ಇರಲಿಲ್ಲ. ಹಾಗಾಗಿ ಈ ಶಾಲೆಯವರು ಆ ಶಾಲೆಗೆ, ಆ ಶಾಲೆಯವರು ಈ ಶಾಲೆಗೆ ನಮ್ಮನ್ನು ಅಟ್ಟುತ್ತಿದ್ದರು. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ನಿನ್ನಂಥವರ ಹೆಸರೇ ಇರಲಿಲ್ಲ. 2016ರ ಕಾಯ್ದೆಯಲ್ಲಿ ಬಂತು. ಇರಲಿ, ಕಚೇರಿಗಳ ಕಥೆ ಬಿಡು.

ಹೇಳಬೇಕಾದದ್ದು ನಿನ್ನ ಕೈಗಳ ಬಗ್ಗೆ. ತರಬೇತಿಯಲ್ಲಿ ನನಗೆ ಕಲಿಸಿದ ಮೊದಲ ಪಾಠ, ಮಗುವಿನ ಕೈಯನ್ನು ಮೇಲಿನಿಂದ ಹಿಡಿಯಬಾರದು, ನಮ್ಮ ಕೈ ಅದರ ಕೈಯ ಅಡಿಯಲ್ಲಿರಬೇಕು ಎಂಬುದು. ಬಟಾಣಿ ಸುಲಿಯುವಾಗ ನಿನ್ನ ಕೈ ನನ್ನ ಕೈಯ ಮೇಲೆ ಕುಳಿತಿರುತ್ತಿತ್ತು. ಸಿಪ್ಪೆ ಬಿರಿಯುವುದನ್ನು ಅದು ನನ್ನ ಬೆರಳುಗಳ ಮೂಲಕವೇ ತಿಳಿಯುತ್ತಿತ್ತು. ಬೇಡವೆನಿಸಿದಾಗ ಎದ್ದು ಹೋಗುತ್ತಿತ್ತು. ಹೀಗೆ ಎದ್ದು ಹೋಗುವ ಸ್ವಾತಂತ್ರ್ಯ ಸಿಕ್ಕ ಮೇಲೆಯೇ ನೀನು ತಾನಾಗಿ ಕೈ ಚಾಚತೊಡಗಿದ್ದು. ಚಮಚ ಕೊಟ್ಟರೆ ಊಟ, ಟವೆಲ್ ಕೊಟ್ಟರೆ ಸ್ನಾನ ಎಂದು ತಿಳಿದುಕೊಂಡೆ. ಒಂದು ದಿನ ನೀನೇ ಚಮಚ ತಂದು ನನ್ನ ಮಡಿಲಿಗೆ ಹಾಕಿದೆ. ಅಂದು ಅಡುಗೆ ಇನ್ನೂ ಆಗಿರಲಿಲ್ಲ, ಆದರೂ ಮನೆಯವರೆಲ್ಲ ಕುಣಿದಾಡಿದೆವು.

ಮದುವೆಮನೆಯಲ್ಲಿ ಪ್ರೀತಿಯ ಜನ ಬಹಳ. ಪ್ರೀತಿ ಹೆಚ್ಚಾದವರೇ ಹಿಂದುಮುಂದು ನೋಡದೆ ನಿನ್ನ ಕೈಗಳನ್ನು ಹಿಡಿದು ನಮಸ್ಕಾರ ಮಾಡಿಸುತ್ತಾರೆ. ಮಾತನಾಡುತ್ತಿರುವವರ ಬಾಯಿ ಮುಚ್ಚುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ನೀನು ಕೈ ಎಳೆದುಕೋ. ದುರಹಂಕಾರಿ ಎಂದರೆ ಎನ್ನಲಿ. ಮೊದಲು ತೋಳು ಮುಟ್ಟಿ, ತಮ್ಮ ಗುರುತು ಕೊಟ್ಟು, ಆಮೇಲೆ ಕೈ ಕೊಡಿ ಎಂದು ಎಲ್ಲರಿಗೂ ಹೇಳಿಟ್ಟಿದ್ದೇನೆ. ಅಜ್ಜಿಯದು ಬಳೆ, ಚಿಕ್ಕಮ್ಮನದು ಜಡೆ. ಮದುವೆಯ ದಿನ ಜಡೆಯ ತುಂಬ ಹೂವಿರುತ್ತದೆ, ಗಾಬರಿಯಾಗಬೇಡ.

ದೊಡ್ಡಪ್ಪ ಮಾತ್ರ ಮೊನ್ನೆ ಮೀಸೆ ಬೋಳಿಸಿಕೊಂಡು ಕುಳಿತಿದ್ದಾರೆ. ಅವರಿಗೆ ಹೊಸ ಗುರುತು ಏನೆಂದು ನೀನೇ ತೀರ್ಮಾನಿಸು.

ನಿನ್ನ ಅಮ್ಮ