ಗ್ಯಾಸ್ ಬಾವಿ ಕೊರೆಯುವ ಮೊದಲೇ ನಮ್ಮ ಬಾವಿ ನೀರು ಪರೀಕ್ಷೆ ಆಗಲಿ

ಇವರಿಗೆ,
ಸೂಪರ್‌ವೈಸರ್‌ಗಳ ಮಂಡಳಿ,
ಟೌನ್‌ಶಿಪ್ ಕಚೇರಿ, ವಾಷಿಂಗ್ಟನ್ ಕೌಂಟಿ, ಪೆನ್ಸಿಲ್ವೇನಿಯಾ

ವಿಷಯ: ಶೇಲ್ ಗ್ಯಾಸ್ ಫ್ರ್ಯಾಕಿಂಗ್‌ಗೆ ಮುಂಚೆ ಮತ್ತು ಆಮೇಲೆ ಮನೆ ಬಾವಿಗಳ ನೀರಿನ ಮೇಲೆ ನಿಗಾ ಇಡುವ ಬಗ್ಗೆ

ಮಾನ್ಯರೇ,

ಈ ಮನವಿಯ ಇಂಗ್ಲಿಷ್ ಪ್ರತಿ ಜೊತೆಗಿದೆ. ಕನ್ನಡದಲ್ಲೂ ಬರೆದಿದ್ದಕ್ಕೆ ಕಾರಣ, ಸಹಿ ಹಾಕುವವರಲ್ಲಿ ನಮ್ಮ ಅಪ್ಪ ಅಮ್ಮಂದಿರೂ ಇದ್ದಾರೆ. ಯಾವುದಕ್ಕೆ ಸಹಿ ಹಾಕುತ್ತಿದ್ದೇವೆ ಅಂತ ಅವರಿಗೂ ಗೊತ್ತಾಗಬೇಕು, ಅಲ್ವಾ?

ನಮ್ಮ ರಸ್ತೆಗೆ ಇನ್ನೂ ನೀರಿನ ಪೈಪ್ ಬಂದಿಲ್ಲ. ಪ್ರತಿ ಮನೆಗೂ ಅದರದ್ದೇ ಬೋರ್‌ವೆಲ್. ಖಾಸಗಿ ಬಾವಿಗಳ ನೀರನ್ನು ಈ ರಾಜ್ಯದಲ್ಲಿ ಯಾರೂ ಕಾಯಂ ಆಗಿ ತಪಾಸಣೆ ಮಾಡುವುದಿಲ್ಲ. ಈಗ ಗುಡ್ಡದ ಆಚೆ ಗ್ಯಾಸ್ ಪ್ಯಾಡ್, ಅಂದರೆ ಗ್ಯಾಸ್ ಬಾವಿ ಕೊರೆಯಲು ಸಮತಟ್ಟು ಮಾಡಿದ ಜಾಗ, ಬರುತ್ತಿದೆ. ಅಲ್ಲಿ ಮಾಡುವುದು ಫ್ರ್ಯಾಕಿಂಗ್: ಆಳದ ಶೇಲ್ ಎಂಬ ಪದರ ಬಂಡೆಗೆ ಭಾರಿ ಒತ್ತಡದಲ್ಲಿ ನೀರು ನುಗ್ಗಿಸಿ, ಬಿರುಕು ಬಿಡಿಸಿ, ಗ್ಯಾಸ್ ತೆಗೆಯುವುದು. ಕಂಪನಿಯ ಕಡೆಯವರು ಬಂದು ಕೆಲವು ಮನೆಗಳಲ್ಲಿ ಬಾಟಲಿಗೆ ನೀರು ತುಂಬಿಸಿಕೊಂಡು ಹೋದರು. ಉಳಿದ ಮನೆಗಳ ಬಾಗಿಲನ್ನೂ ತಟ್ಟಲಿಲ್ಲ. ಯಾಕೆ ಅಂತ ಕೇಳಿದರೆ, ನೀವು 2,500 ಅಡಿಯ ಆಚೆ ಇದ್ದೀರಿ ಅಂದರು.

ಆ ಅಡಿಯ ಲೆಕ್ಕ ಎಲ್ಲಿಂದ ಬಂತು ಅಂತ ಹುಡುಕಿದೆವು. ಈ ರಾಜ್ಯದ 2012ರ ಗ್ಯಾಸ್ ಕಾನೂನು ಆಕ್ಟ್ 13ರ ಪ್ರಕಾರ, ಗ್ಯಾಸ್ ಬಾವಿಯಿಂದ 2,500 ಅಡಿಯೊಳಗೆ, ಕೆಲಸ ಮುಗಿದ 12 ತಿಂಗಳೊಳಗೆ ನೀರು ಕೆಟ್ಟರೆ ಕಂಪನಿಯೇ ಹೊಣೆ ಎಂದು ಕಾನೂನು ಮೊದಲಿಗೆ ಭಾವಿಸುತ್ತದೆ. ಅಲ್ಲ ಅಂತ ತೋರಿಸುವುದು ಅವರ ಪಾಡು. ಆಚೆ ಇರುವವರಿಗೆ ಇದೇ ಉಲ್ಟಾ: ಸಾಬೀತು ಮಾಡುವ ಭಾರ ನಮ್ಮದು. ಇನ್ನೂ ಒಂದು ಮಾತಿದೆ. ಈ ದೂರವನ್ನು ನೇರವಾಗಿ ಕೆಳಗಿಳಿಯುವ ಕೊಳವೆಯಿಂದ ಅಳೆಯುತ್ತಾರೆ. ಅಲ್ಲಿಂದ ಅಡ್ಡಡ್ಡ ಮೈಲಿಗಟ್ಟಲೆ ಹೋಗುವ ಕೊಳವೆ ನಮ್ಮ ಅಡುಗೆಮನೆಯ ಕೆಳಗೇ ಹಾದುಹೋದರೂ ಲೆಕ್ಕಕ್ಕಿಲ್ಲ.

ನಮ್ಮಲ್ಲೊಬ್ಬರು ಹಿಂದೆ ಬೇರೆ ಕಡೆ ಇದ್ದಾಗ ಇದನ್ನು ಅನುಭವಿಸಿದ್ದಾರೆ. ನಲ್ಲಿ ತಿರುಗಿಸಿದರೆ ನೀರು ಕೆಮ್ಮಿದ ಹಾಗೆ ಉಗುಳಿ ಉಗುಳಿ ಬರುತ್ತಿತ್ತು. ಗಾಜಿನ ಲೋಟಕ್ಕೆ ಹಿಡಿದರೆ ಮಜ್ಜಿಗೆ ನೀರಿನಷ್ಟು ಬೆಳ್ಳಗೆ. ಸ್ವಲ್ಪ ಹೊತ್ತು ಬಿಟ್ಟರೆ ತಳದಿಂದ ಮೇಲಕ್ಕೆ ತಿಳಿಯಾಗುತ್ತಿತ್ತು. ವಾಸನೆ ಇಲ್ಲ, ರುಚಿಯಲ್ಲಿ ಬದಲಾವಣೆ ಇಲ್ಲ. ಮೊದಲು ಪಂಪ್ ಗಾಳಿ ಎಳೆಯುತ್ತಿದೆ ಅಂದುಕೊಂಡು ಸುಮ್ನೆ ಇದ್ದರು. ಪರೀಕ್ಷೆ ಮಾಡಿಸಿದಾಗ ಸಿಕ್ಕಿದ್ದು ಮೀಥೇನ್, ಅಂದರೆ ಬೆಂಕಿ ಹತ್ತುವ ಗ್ಯಾಸ್. ಕಂಪನಿ ಹೇಳಿದ್ದು ಒಂದೇ ಮಾತು: ಇದು ಕಲ್ಲಿದ್ದಲ ಸೀಮೆ, ಮೀಥೇನ್ ಮೊದಲಿಂದಲೂ ಇತ್ತು. ಇದ್ದರೂ ಇರಬಹುದು! ಇರಲಿಲ್ಲ ಅಂತ ಹೇಳಲು ಇವರ ಹತ್ತಿರ ಹಳೆಯ ರಿಪೋರ್ಟ್ ಒಂದೂ ಇರಲಿಲ್ಲ. ಅಲ್ಲಿಗೆ ಮಾತು ಮುಗಿಯಿತು.

ಪಾವಗಡದ ಕಡೆಯಿಂದ ಮಗಳ ಮನೆಗೆ ಬಂದಿರುವ ಅಜ್ಜಿಯೊಬ್ಬರು ಇದನ್ನು ಕೇಳಿ ಅಂದರು: "ನಮ್ಮೂರಲ್ಲೂ ಅಷ್ಟೇ, ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿದ ಮೇಲೆ ನೀರಲ್ಲಿ ಫ್ಲೋರೈಡ್ ಹುಡುಕಿದ್ರು."

ಗ್ಯಾಸ್ ಇರುವ ಮಾರ್ಸೆಲಸ್ ಶೇಲ್ ಬಂಡೆ ಒಂದು ಮೈಲಿಗಿಂತ ಆಳದಲ್ಲಿದೆ, ನಿಮ್ಮ ಬಾವಿ ಕೆಲವು ನೂರು ಅಡಿ, ಮಧ್ಯೆ ಅಷ್ಟೊಂದು ಬಂಡೆ ಇದೆಯಲ್ಲ ಎನ್ನುತ್ತಾರೆ ಕಂಪನಿಯವರು. ಒಪ್ಪುತ್ತೇವೆ. ಬಂಡೆಯ ಬಿರುಕು ಅಲ್ಲಿಂದ ಮೇಲೆ ಬರುತ್ತದೆ ಅನ್ನುವುದು ನಮ್ಮ ಭಯ ಅಲ್ಲ. ಕೊಳವೆಯ ಸುತ್ತ ಹಾಕಿದ ಸಿಮೆಂಟ್ ಸರಿಯಾಗಿ ಕೂರದಿದ್ದರೆ ಗ್ಯಾಸ್ ಆ ಸಂದಿಯಲ್ಲೇ ಮೇಲೆ ಬರುತ್ತದೆ. ಫ್ರ್ಯಾಕಿಂಗ್ ಆದ ಮೇಲೆ ವಾಪಸ್ ಬರುವ ಉಪ್ಪುನೀರು ಪ್ಯಾಡ್ ಮೇಲೆ ಚೆಲ್ಲಬಹುದು. 1859ರಿಂದ ಎಣ್ಣೆಗೆ ಕೊರೆಯುತ್ತಿರುವ ರಾಜ್ಯ ಇದು. ಯಾರ ಲೆಕ್ಕಕ್ಕೂ ಸಿಗದ ಹಳೇ ಬಾವಿಗಳು ಹೊಲಗಳಲ್ಲಿ ಬಾಯಿ ತೆರೆದುಕೊಂಡಿವೆ. ಅವೂ ದಾರಿಯೇ. ಕೇಂದ್ರದ ಪರಿಸರ ಸಂರಕ್ಷಣಾ ಏಜೆನ್ಸಿಯ 2016ರ ವರದಿಯೂ ಸೋರುವ ಬಾವಿ ಮತ್ತು ಚೆಲ್ಲುವ ನೀರನ್ನೇ ಬೆರಳಿಟ್ಟು ತೋರಿಸಿದೆ.

ಇದೇ ರಾಜ್ಯದಲ್ಲಿ ಶೇಲ್ ಗ್ಯಾಸ್‌ಗೆ ಕೊರೆದ ಡಿಮಾಕ್ ನಿಮಗೆ ಗೊತ್ತಿರುವ ಊರು. 2009ರ ಹೊಸ ವರ್ಷದ ದಿನ ಅಲ್ಲಿ ಮನೆಯೊಂದರ ನೀರಿನ ಬಾವಿ ಮೀಥೇನ್ ತುಂಬಿ ಸಿಡಿಯಿತು. ಆ ಊರಿಗೆ ಪೈಪ್ ನೀರು ಕೊಡಿಸುವ ಒಪ್ಪಂದ ಕೋರ್ಟಿನಲ್ಲಿ ಆಗಿದ್ದು 2022ರಲ್ಲಿ. ಅಷ್ಟು ವರ್ಷ ಕಾಯುವ ಶಕ್ತಿ ನಮಗಿಲ್ಲ.

ಹಾಗಂತ ಡ್ರಿಲ್ಲಿಂಗ್ ನಿಲ್ಲಿಸಿ ಅಂತ ನಾವು ಕೇಳುತ್ತಿಲ್ಲ. ಸಹಿ ಹಾಕಿದವರಲ್ಲಿ ಗ್ಯಾಸ್ ಕಂಪನಿಗೆ ದುಡಿಯುವವರಿದ್ದಾರೆ, ತಮ್ಮ ನೆಲದ ಗ್ಯಾಸ್‌ಗೆ ರಾಯಲ್ಟಿ ಚೆಕ್ ಪಡೆಯುವವರೂ ಇದ್ದಾರೆ. ನಮಗೆ ಬೇಕಿರುವುದು ಮೊದಲಿನ ಲೆಕ್ಕ. ಪ್ಯಾಡ್‌ನಿಂದ ಮಾತ್ರ ಅಲ್ಲ, ಅಡ್ಡ ಕೊಳವೆಯ ದಾರಿಯಿಂದಲೂ ಒಂದು ಮೈಲಿಯೊಳಗಿನ ಪ್ರತಿ ಬಾವಿಯ ನೀರನ್ನು ರಿಗ್ ಬರುವ ಮೊದಲೇ, ಕಂಪನಿಗೆ ಸಂಬಂಧವಿಲ್ಲದ ಮಾನ್ಯತೆ ಪಡೆದ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ. ಗ್ಯಾಸ್ ಮತ್ತು ಆ ಉಪ್ಪುನೀರಿನ ಗುರುತುಗಳಾದ ಮೀಥೇನ್, ಈಥೇನ್, ಕ್ಲೋರೈಡ್, ಬೇರಿಯಂ, ಸ್ಟ್ರಾಂಶಿಯಂ, ಬ್ರೋಮೈಡ್ ಇಷ್ಟನ್ನಾದರೂ ನೋಡಲಿ. ಮೀಥೇನ್ ಸಿಕ್ಕರೆ ಐಸೊಟೋಪ್ ಪರೀಕ್ಷೆಯೂ ಆಗಲಿ. ಅದು ಆಳದ ಗ್ಯಾಸೋ ಮೇಲಿನದ್ದೋ ಎಂಬ ಸುಳಿವು ಆಗ ಸಿಗುತ್ತದೆ. ಫ್ರ್ಯಾಕಿಂಗ್ ಆದ ಮೂರು ತಿಂಗಳಿಗೆ ಮತ್ತೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಸಿಮೆಂಟ್ ಹಳೆಯದಾಗುವುದು 12 ತಿಂಗಳಿಗೇ ನಿಲ್ಲುವುದಿಲ್ಲವಲ್ಲ. ಬ್ರಿಟನ್ನಿನಲ್ಲಿ 2015ರ ಕಾನೂನು ಫ್ರ್ಯಾಕಿಂಗ್‌ಗೆ ಮುಂಚೆಯೇ 12 ತಿಂಗಳು ಅಂತರ್ಜಲದ ಮೀಥೇನ್ ಅಳೆದಿರಬೇಕು ಎಂದಿತು. ಕೊರೆಯುವ ಮೊದಲು ನಾವು ಕೇಳುತ್ತಿರುವುದು ಅದಕ್ಕಿಂತ ಕಮ್ಮಿ.

ಇದು ರಾಜ್ಯದ ಕೆಲಸ ಎಂದು ನೀವು ಹೇಳಬಹುದು. ಆದರೆ ನಮ್ಮ ಕೌಂಟಿಯದ್ದೇ ರಾಬಿನ್ಸನ್ ಟೌನ್‌ಶಿಪ್ ಹೋರಾಡಿದ ಕೇಸಿನಲ್ಲಿ 2013ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಸ್ಥಳೀಯ ಝೋನಿಂಗ್ ಅಧಿಕಾರವನ್ನು, ಅಂದರೆ ಯಾವ ಜಾಗದಲ್ಲಿ ಏನು ಬರಬಹುದು ಎಂದು ತೀರ್ಮಾನಿಸುವ ಹಕ್ಕನ್ನು, ಉಳಿಸಿಕೊಟ್ಟಿದೆ. ದುಡ್ಡಿನ ಮಾತಿಗೆ ಬಂದರೆ, ಆಕ್ಟ್ 13ರ ಇಂಪ್ಯಾಕ್ಟ್ ಫೀ, ಅಂದರೆ ಗ್ಯಾಸ್ ಬಾವಿಗಳಿಗೆ ಕಂಪನಿಗಳು ಕಟ್ಟುವ ಶುಲ್ಕ, ಟೌನ್‌ಶಿಪ್‌ಗೂ ಬರುತ್ತದೆ. ಅದನ್ನು ನೀರು, ಪರಿಸರದ ಕೆಲಸಕ್ಕೆ ಬಳಸಲು ಅವಕಾಶವಿದೆ. ಒಂದು ಬಾವಿಯ ಪರೀಕ್ಷೆಗೆ ಕೆಲವು ನೂರು ಡಾಲರ್ ಆಗುತ್ತದೆ. ಸಂಬಳದ ಮನೆಗೆ ಅದು ಜಾಸ್ತಿ, ಆ ನಿಧಿಗೆ ಅಲ್ಲ.

ಮುಂದಿನ ಸಭೆಯ ಅಜೆಂಡಾದಲ್ಲಿ ಇದನ್ನು ಸೇರಿಸಬೇಕೆಂದು ಕೋರುತ್ತೇವೆ. ಯಾವ ಮನೆಯ ಬಾವಿ ಎಲ್ಲಿದೆ, ಎಷ್ಟು ಆಳ ಎಂದು ಕೈಯಲ್ಲಿ ಬರೆದ ನಕ್ಷೆಯನ್ನು ಲಗತ್ತಿಸಿದ್ದೇವೆ. ಎರಡು ಮನೆಗಳ ಎದುರು ಆಳದ ಜಾಗ ಖಾಲಿ ಇದೆ. ಮನೆ ಮಾರಿದವರು ಹೇಳಿರಲಿಲ್ಲ. ಲ್ಯಾಬ್‌ನವರು ಬಂದಾಗ ಅದನ್ನೂ ಅಳೆದುಕೊಟ್ಟರೆ ಉಪಕಾರ.

ಇಂತಿ,
ಬಾವಿ ನೀರು ಕುಡಿಯುವ ನಿವಾಸಿಗಳು
(ಸಹಿಗಳು ಹಿಂದಿನ ಪುಟದಲ್ಲಿವೆ)