ಕಾಗೆಗೆ ಗುಂಡು ಬೇಡ, ತ್ಯಾಜ್ಯಕ್ಕೆ ಗುಂಡಿ ತೆಗೆಸಿ

ಮಾನ್ಯ ಸಂಪಾದಕರೇ,

ಬ್ಯಾಡಗಿ ತಾಲೂಕಿನ ನಮ್ಮ ಹೊಲದಲ್ಲಿ 40 ಕುರಿ ಸಾಕಿದ್ದೇನೆ. ಹೋದ ತಿಂಗಳು ನಸುಕಿನಲ್ಲಿ ಒಂದು ಕುರಿ ಈದಿತ್ತು. ನೀರು ತರಲು ಹೋಗಿ ಬರುವಷ್ಟರಲ್ಲಿ ಎರಡು ಕಾಗೆ ಮರಿಯ ಕಣ್ಣು ಕುಕ್ಕಿದ್ದವು. ಮೈ ಇನ್ನೂ ಒದ್ದೆ, ಎದ್ದು ನಿಲ್ಲಲೂ ಬಾರದ ಮರಿ. ಒಂದು ಕಣ್ಣು ಹೋಯಿತು.

ನಕಲಿ ಕಾಗೆ ಇಟ್ಟು ಸೆಳೆದು, ಬಂದೂಕಿನಿಂದ ಹೊಡೆಸು ಎಂದರು ಕೆಲವರು. ದಯವಿಟ್ಟು ಯಾರೂ ಆ ದಾರಿ ಹಿಡಿಯಬೇಡಿ. ಸುತ್ತ ಮಕ್ಕಳು ಓಡಾಡುತ್ತವೆ. ವನ್ಯಜೀವಿ ಕಾಯ್ದೆಯಲ್ಲಿ ಹಿಂದೆ ಕಾಗೆ ಉಪದ್ರವಿಗಳ, ಅಂದರೆ ಕೊಂದರೂ ತಪ್ಪಿಲ್ಲ ಎನ್ನುವ ಪ್ರಾಣಿಗಳ, ಪಟ್ಟಿಯಲ್ಲಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದಿದೆ.

ನಾನು ಹಳೇ ಟ್ಯೂಬ್ ಕತ್ತರಿಸಿ, ಕರಿ ಹುಂಜದ ಗರಿ ಕಟ್ಟಿ, ಸತ್ತ ಕಾಗೆಯಂತೆ ತಲೆಕೆಳಗಾಗಿ ಗಳಕ್ಕೆ ನೇತುಹಾಕಿದೆ. ಕಾಗೆಗಳು ಮೇಲೆ ಸುತ್ತಿ, ಕೂಗಾಡಿ ಹೋದವು. ಎರಡು ದಿನಕ್ಕೊಮ್ಮೆ ಜಾಗ ಬದಲಿಸಬೇಕು, ಇಲ್ಲದಿದ್ದರೆ ಸುಳ್ಳು ಅಂತ ಅವಕ್ಕೆ ಗೊತ್ತಾಗಿಬಿಡುತ್ತದೆ. ಈಯುವ ಕುರಿಯನ್ನು ಈಗ ಬಲೆ ಕಟ್ಟಿದ ದೊಡ್ಡಿಯಲ್ಲೇ ಬಿಡುತ್ತೇನೆ. ಮಾಸು ಬಿದ್ದ ಕೂಡಲೇ ಹೂಳುತ್ತೇನೆ.

ಆದರೆ ಹಳ್ಳದ ದಂಡೆಗೆ ಕೋಳಿ ಅಂಗಡಿಗಳ ತ್ಯಾಜ್ಯ ದಿನವೂ ಬಂದು ಬೀಳುತ್ತಿರುವಾಗ ಕಾಗೆ ಜಾಸ್ತಿಯಾಗದೆ ಇರುತ್ತವಾ? ಪಂಚಾಯಿತಿಯವರು ಊರಾಚೆ ಆಳದ ಗುಂಡಿ ತೆಗೆಸಿ, ದಿನವೂ ಮಣ್ಣು ಮುಚ್ಚಿಸಲಿ.

— ಒಬ್ಬ ಕುರಿ ಸಾಕಣೆದಾರ, ಬ್ಯಾಡಗಿ ತಾಲೂಕು, ಹಾವೇರಿ ಜಿಲ್ಲೆ